ನೂರಹದಿನೇಳನೇ ಚಿತ್ರ

ಮಂಗಳವಾರ, ಮಾರ್ಚ್ ೧೦

ಗುಬ್ಬಿಮರಿ, ಚೆನ್ನಾಗಿದ್ದೀಯಾ?

ಉತ್ತರ ತಡವಾಯಿತು. ಅದಕ್ಕೆ ಬೈಯಬೇಡ, ಬೈಯಲು ಕೆಳಗೆ ಬೇಕಾದಷ್ಟಿದೆ. ಮೊದಲು ನನ್ನ ತಪ್ಪಿನ ಖರ್ಚು: ನಿನ್ನ ಆರು ತಿಂಗಳು, ನಾಲ್ಕು ಕೆಜಿ ತೂಕ, ಪಿಎಚ್‌ಡಿ ಗೈಡ್ ಮುಂದೆ ನಿನ್ನ ಮರ್ಯಾದೆ. ನನ್ನ ಕಡೆಯಿಂದ ಪೆನ್ಸಿಲಿನ ಒಂದು ಸಾಲು.

ಶುಕ್ರವಾರದ ಸಭೆಯಲ್ಲಿ ನಿನ್ನ ವಾದವನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಬರೆದಿದ್ದೀಯ. ಬೇಡ. ಮೊದಲು ಇದನ್ನು ಓದು.

ಹೋದ ರಜೆಯಲ್ಲಿ ನನ್ನ ಟೈಲರಿಂಗ್ ಅಂಗಡಿಯ ಮೇಜಿನ ಮೇಲೆ, ನಕ್ಷತ್ರಗಳು ಸಿಡಿದ ಇನ್ನೂರು ಚಿತ್ರ ಹರಡಿದ್ದೆಯಲ್ಲ. ಮಾಮೂಲಿ ಸಿಡಿತ, ಅಂದರೆ ಸೂಪರ್‌ನೋವಾ, ಚಿಕ್ಕದು ದೊಡ್ಡದು ಎನ್ನದೆ ನಾನಾ ಗ್ಯಾಲಕ್ಸಿಗಳಲ್ಲಿ ಆಗುತ್ತದೆ, ಗಾಮಾ ಕಿರಣ ಚಿಮ್ಮುವ ಭಾರೀ ಸಿಡಿತಕ್ಕೆ ಮಾತ್ರ ಹೊಸ ನಕ್ಷತ್ರ ಹುಟ್ಟುತ್ತಿರುವ ಪುಟ್ಟ ನೀಲಿ ಗ್ಯಾಲಕ್ಸಿಯೇ ತವರು ಎಂಬುದು ನಿನ್ನ ವಾದ. ಯಾವ ಸಿಡಿತ ಯಾವ ಗ್ಯಾಲಕ್ಸಿಯದೆಂದು ಪಟ್ಟಿ ಬರೆಯಲು ನನಗೆ ಕೊಟ್ಟೆ. ಅನುಮಾನ ಬಂದರೆ ಕೇಳು ಅಂದೆ. ಮೂವತ್ತು ವರ್ಷ ಬಟ್ಟೆಗೆ ದಾರ ಹೊಂದಿಸಿದವಳು, ಕೇಳುತ್ತೇನೆಯೇ?

ಗಾಮಾದವು ಇದ್ದದ್ದೇ ಒಂಬತ್ತು. ಅವುಗಳಲ್ಲಿ ಅತಿ ಪ್ರಖರವಾದದ್ದು ನೂರಹದಿನೇಳನೇ ಚಿತ್ರ. ಸಿಡಿತದ ಗುರುತಿಗೆ ಅಂಟಿಕೊಂಡೇ ಸೀಮೆಸುಣ್ಣದ ಪುಡಿ ಬಿದ್ದಂತೆ ಒಂದು ನೀಲಿ ಮಸುಕು. ಎರಡು ಬೆರಳು ಆಚೆ, ಸಾಹುಕಾರನ ಹಾಗೆ ಕಾಲು ಚಾಚಿ ಕೂತ ದೊಡ್ಡ ಗ್ಯಾಲಕ್ಸಿ. ನಾನು ದೊಡ್ಡದರ ಹೆಸರಿಗೆ ಬರೆದೆ.

ಅದೊಂದೇ ಸಾಕು ವಾದ ಬೀಳಲು ಎಂದರಂತೆ ನಿನ್ನ ಗೈಡ್. ನೀನು ಎಲ್ಲವನ್ನೂ ಮತ್ತೆ ಪರೀಕ್ಷಿಸಿದೆ, ನನ್ನ ಪಟ್ಟಿ ಒಂದನ್ನು ಬಿಟ್ಟು. "ಅಮ್ಮನ ಅಳತೇನ ಎರಡನೇ ಸಲ ಹಿಡಿಯೋದು ಬೇಡ" ಎಂದು ಬರೆದಿದ್ದೆಯಲ್ಲ, ಆ ಮಾತು ಎದೆಗೆ ಸೂಜಿ ಚುಚ್ಚಿದ ಹಾಗಾಯಿತು. ಕಪಾಟಿನಲ್ಲಿ ಉಳಿದಿದ್ದ ಪ್ರತಿ ತೆಗೆದು ನಿನ್ನೆ ಟೇಪು ಹಿಡಿದೆ. ತಪ್ಪು ನನ್ನದೇ: ಸಿಡಿತ ಆ ನೀಲಿ ಮಸುಕಿನದು, ಅದೇ ನಿನ್ನ ಪುಟ್ಟ ಗ್ಯಾಲಕ್ಸಿ.

ಬರೀ ಫೋನಿನಲ್ಲಿ ಹೇಳಿದರೆ ನಿನ್ನ ಗೈಡ್ ತಾಯಿಕರುಳು ಅಂದಾರು. ಆ ಚಿತ್ರ, ನನ್ನ ಪಟ್ಟಿ, ಸಹಿ ಮಾಡಿದ ತಪ್ಪೊಪ್ಪಿಗೆ ಜೊತೆಗಿಟ್ಟಿದ್ದೇನೆ. ಬೆಳಿಗ್ಗೆ ವಿಚಾರಿಸಲು ಹೋಗಿ, ಗುರುವಾರ ತಲುಪುತ್ತದೆ ತಾನೇ ಎಂದು ನಾಲ್ಕನೇ ಸಲ ಕೇಳಿದ್ದಕ್ಕೆ ಕೊರಿಯರ್‌ನವನು, "ಬೇಕಾದ್ರೆ ನೀವೂ ಕವರೊಳಗೆ ಕೂತ್ಕೊಳ್ಳಿ ಅಮ್ಮಾ" ಅಂದ.

ಹೊಟ್ಟೆ ತುಂಬ ಉಂಡು ಸಭೆಗೆ ಹೋಗು. ಒಳ್ಳೆಯದಾಗಲಿ.

ನಿನ್ನ ಅಮ್ಮ

ತಾ.ಕ.: ಮಸುಕು ನನಗೆ ಕಾಣದೆ ಇರಲಿಲ್ಲ. ಅಷ್ಟು ಬೆಳಕು ಅಷ್ಟು ಸಣ್ಣ ಮನೆಯದೆಂದು ಮನಸ್ಸು ಒಪ್ಪಲಿಲ್ಲ. ನಿನ್ನನ್ನು ಶಾಲೆಗೆ ಸೇರಿಸುವಾಗಲೂ ಇದನ್ನೇ ಮಾಡಿದ್ದೆ. ಅಂಗಡಿ ಹಿಂದಿನ ನಮ್ಮ ಒಂದು ಕೋಣೆ ಬಿಟ್ಟು ದೊಡ್ಡಪ್ಪನ ಬಂಗಲೆಯ ವಿಳಾಸ ಕೊಟ್ಟೆ, ಪೋಷಕರ ಜಾಗದಲ್ಲಿ ಅವರ ಹೆಸರು ಬರೆದೆ. ನೀನು ಮೊದಲನೆಯವಳಾಗಿ ಬಂದ ದಿನ ವೇದಿಕೆಗೆ ಅವರನ್ನೇ ಕರೆದರು. ಪದಕ ನಿನಗೆ, ಫೋಟೊ ಅವರಿಗೆ, ಹಿಂದಿನ ಸಾಲಿನ ಕುರ್ಚಿ ನನಗೆ.