ಮೂರನೇ 'ಬಿ'ಯ ಪ್ರಸಿದ್ಧ ವ್ಯಕ್ತಿ

ಊದ್ ಮೇಥಾ, ದುಬೈ
14 ಅಕ್ಟೋಬರ್ 1999

ಪ್ರೀತಿಯ ಜಮೀಲ,

ಹೇಗಿದ್ದೀ? ನಿನ್ನ ಮೂರು ಕಾಗದಗಳಿಗೆ ಇದೊಂದೇ ಉತ್ತರ. ಬೈಯುವುದಿದ್ದರೆ ಕೊನೆಯವರೆಗೆ ಓದಿ ಬೈ.

ಈ ವಾರ ನನ್ನ ಮೂರನೇ 'ಬಿ'ಗೆ 'ಪ್ರಸಿದ್ಧ ವ್ಯಕ್ತಿಗಳು' ಪಾಠ. ಗಾಂಧೀಜಿ, ಅಶೋಕ, ಝಾನ್ಸಿ ರಾಣಿ ಎಲ್ಲ ಮುಗಿಸಿ, "ಜನ ಹೇಗೆ ಪ್ರಸಿದ್ಧರಾಗುತ್ತಾರೆ?" ಎಂದು ಕೇಳಿದೆ.

"ಸಾಯಬೇಕು ಮ್ಯಾಮ್," ಎಂದ ಸುಮಂತ್.

"ಕುದುರೆ ಬೇಕು," ಎಂದಳು ಅಪೇಕ್ಷಾ.

ಅಷ್ಟರಲ್ಲಿ ಪಾಠ ನೋಡಲು ಪ್ರಿನ್ಸಿಪಾಲ್ ವೆಂಕಟರಾಮಯ್ಯನವರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನನ್ನನ್ನು ಇನ್ನೆರಡು ವರ್ಷ ಕೆಲಸದಲ್ಲಿ ಇಟ್ಟುಕೊಳ್ಳುವ ಕಾಗದ ಸಹಿಯಾಗದೆ ಅವರ ಮೇಜಿನ ಮೇಲೇ ಇತ್ತು.

ಆಗ ಅಸೀಲಾ ಎದ್ದಳು. ಇಲ್ಲೇ ಸತ್ವಾ ಬಡಾವಣೆಯ ಟೈಲರ್ ಮೊಹಮ್ಮದರ ಮಗಳು. "ಮ್ಯಾಮ್, ಐ ಆಮ್ ಫೇಮಸ್."

ಎಲ್ಲರೂ ನಕ್ಕರು. ಅವಳು ನೆಟ್ಟಗೆ ಪ್ರಿನ್ಸಿಪಾಲರ ಬೆನ್ನ ಹಿಂದೆ ಹೋಗಿ, "ಸರ್, ಒನ್ ಮಿನಿಟ್," ಎಂದು ಅವರ ಕೋಟಿನ ಕಾಲರ್ ಮಗುಚಿ, "ಸುಮಂತ್, ಓದು!" ಎಂದಳು.

ಆ ಕೋಟು ಲಂಡನ್ನಿನದೆಂದು ಸ್ಟಾಫ್‌ರೂಮಿನಲ್ಲಿ ನಾವು ಎರಡು ವರ್ಷದಿಂದ ಕೇಳುತ್ತಿದ್ದೇವೆ. ಸುಮಂತ್ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ: "ಅಸೀಲಾ ಟೈಲರಿಂಗ್, ಸತ್ವಾ!"

ಅಪ್ಪ ಅಂಗಡಿಗೆ ಮಗಳ ಹೆಸರಿಟ್ಟಿದ್ದಾರೆ ಕಣೇ! ಮಕ್ಕಳ ಚಪ್ಪಾಳೆಯೋ ಚಪ್ಪಾಳೆ. ಪ್ರಿನ್ಸಿಪಾಲರ ಕಿವಿ ಕೆಂಪಾಯಿತು.

ಮರುದಿನ ಕರೆ ಬಂತು. ವೀಸಾ ಖಲಾಸ್ ಎಂದುಕೊಂಡೇ ಹೋದೆ. ಅವರು ದನಿ ತಗ್ಗಿಸಿ, "ಹುಡುಗಿಗೆ ಏನೂ ಅನ್ನಬೇಡಿ. ಇನ್ಮೇಲೆ ನನ್ನ ಬಟ್ಟೆಗೆ ಆ ಪಟ್ಟಿ ಹಾಕೋದು ಬೇಡ ಅಂತ ಅವರಪ್ಪನಿಗೆ ಹೇಳಿಬಿಡಿ," ಎಂದು ನನ್ನ ಕಾಗದಕ್ಕೆ ಸಹಿ ಹಾಕಿದರು.

ಮೊಹಮ್ಮದರು ಒಪ್ಪಬೇಕಲ್ಲ! "ಎಂತ ಟೀಚರೇ, ಮಗಳ ಹೆಸರಿಲ್ಲದೆ ನಾನು ಕೋಟು ಕೊಡುವುದಿಲ್ಲ. ಬೇಕಾದ್ರೆ ಪ್ಯಾಂಟಿನ ಒಳಗೆ ಹಾಕ್ತೇನೆ. ಅಲ್ಲಿ ಯಾರು ಓದ್ತಾರೆ?"

ನಿನ್ನ ಉಮ್ಮನಿಗೆ ನನ್ನ ಸಲಾಂ, ಮಕ್ಕಳಿಗೆ ಮುತ್ತು. ದೇವರು ನಿಮ್ಮನ್ನೆಲ್ಲ ನಗುನಗುತ್ತಾ ಇಟ್ಟಿರಲಿ.

ನಿನ್ನ
ಜೋಸ್ಫಿನ್

ತಾ.ಕ.: ಅವತ್ತು ಹೊರಡುವಾಗ ಪ್ರಿನ್ಸಿಪಾಲರು ಮಕ್ಕಳನ್ನು, "ನಿಮ್ಮ ಟೀಚರ್ ಹೆಸರೇನು?" ಎಂದು ಕೇಳಿದರು. ಮೂವತ್ತೆರಡು ಮಕ್ಕಳೂ, "ಮ್ಯಾಮ್!" ಎಂದು ಕೂಗಿದವು. ನಾನೂ ನಕ್ಕೆ. ಮನೆಗೆ ಬಂದು ಬೀಗ ತೆಗೆಯುವಾಗ ಹೊಳೆಯಿತು: ನನ್ನವರು, ಲೆಸ್ಲಿ, ತೀರಿಕೊಂಡ ಮೇಲಿನ ಈ ಎಂಟು ತಿಂಗಳಲ್ಲಿ ನನ್ನನ್ನು ಯಾರೂ ಜೋಸಿ ಎಂದು ಕರೆದಿಲ್ಲ. ನೀನು ತಮಾಷೆಗೆ 'ದುಬೈ ಟೀಚರಮ್ಮ' ಎಂದು ಬರೆಯುತ್ತೀಯಲ್ಲ, ಅದು ಬೇಡ. ಜೋಸಿ ಎಂದೇ ಬರೆ.