ರಾಗಿ ನೆಲಮಾಳಿಗೆಗೆ ಇಟ್ಟ ಕಿಟಕಿ

ಯಲಹಂಕ, 1958. ಸಂಜೆ ಆರು ಗಂಟೆ.

ಯಜಮಾನರಿಗೆ,

ಇವತ್ತು ನೆಲಮಾಳಿಗೆಗೆ ಸುಣ್ಣ ಹೊಡೆದು ಮುಗಿಯಿತು. ನೀವು ರಾಗಿ ತೆಗೆಯಲು ಇಳಿದು, ಕೆಟ್ಟ ಗಾಳಿಗೆ ಉಸಿರುಕಟ್ಟಿ ತೀರಿಹೋದ ಜಾಗ ಈಗ ಕೋಣೆಯಾಗಿದೆ. ಗಾಳಿಯಾಡಲೆಂದು ಬೀದಿ ಕಡೆ, ಗೋಡೆಯ ಮೇಲ್ತುದಿಗೆ ಕಿಟಕಿ ಇಡಿಸಿದ್ದೇನೆ. ನಿಮ್ಮ ತಮ್ಮನಿಗೆ ಮದುವೆಯಾಗಿ, ಮೇಲಿನ ಮನೆಯಲ್ಲಿ ಜಾಗವಿಲ್ಲ. ಇದೂ ಇಲ್ಲದಿದ್ದರೆ ನಾನು ಕೋಗಿಲು ಊರಿನ ತವರಿಗೆ ಹೋಗಬೇಕಿತ್ತು.

ಅತ್ತೆ ಒಪ್ಪಿರಲಿಲ್ಲ. "ನನ್ ಮಗನ್ನ ನುಂಗಿದ್ ಜಾಗ. ಅಲ್ಲಿ ಮಲಗ್ತೀಯೇನೆ?" ಎಂದವರು ನನ್ನ ಜೊತೆ ಮಾತು ಬಿಟ್ಟಿದ್ದರು.

ಮಧ್ಯಾಹ್ನ ಬುಡ್ಡಿ ದೀಪ ಹಿಡಿದು ತಾವೇ ಬಂದರು. ಒಂದೊಂದು ಮೆಟ್ಟಿಲಿಗೂ ದೀಪವನ್ನು ಮುಂದೆ ಚಾಚಿ, ಕೆಟ್ಟ ಗಾಳಿಗೆ ಆರುತ್ತದೋ ಎಂದು ನೋಡಿ, ಆಮೇಲೆ ಕಾಲಿಟ್ಟರು.

"ಅಗಲೊತ್ನಲ್ಲಿ ದೀಪ ಯಾಕವ್ವೋ? ನನ್ ಸುಣ್ಣದಾಗೆ ಉಳುಕು ಉಡುಕಕ್ಕಾ?" ಎಂದು ಗಾರೆ ಕೆಲಸದ ಚಿಕ್ಕಬೈರಪ್ಪ ನಕ್ಕ.

ಅತ್ತೆ ನಗಲಿಲ್ಲ. ನೆಲದ ಮೇಲಿಟ್ಟರೂ ದೀಪ ಉರಿಯುತ್ತಲೇ ಇತ್ತು. ಅದರ ಮುಂದೆ ಬಹಳ ಹೊತ್ತು ಕುಳಿತರು. ನೀವು ಇಳಿದ ದಿನ ನಮ್ಮ ಮನೆಯಲ್ಲಿ ಯಾರೂ ಮೊದಲು ದೀಪ ಇಳಿಸಿ ನೋಡಿರಲಿಲ್ಲ.

"ಒಬ್ಳೇ ಬ್ಯಾಡ ಕಣೆ," ಎಂದರು ಕೊನೆಗೆ. "ನಾನೂ ಇಲ್ಲೇ ಮಲಗ್ತೀನಿ."

ನಾಳೆ ಇಬ್ಬರ ಚಾಪೆಗಳನ್ನೂ ಕೆಳಗೆ ತರಬೇಕು.