ಎಡಚ ತೋರಿಸಿದ ಕಾಲು

ಜನವರಿ 4, ಸೋಮವಾರ

ಐಸ್ ಮೆಷೀನ್ ಮತ್ತೆ ಕೆಟ್ಟಿದೆ. ಬೆಳಿಗ್ಗೆ ಎಂಟರೊಳಗೆ ಹನ್ನೊಂದು ಕಾಲುಗಳಿಗೆ ಟೇಪ್ ಸುತ್ತಿದೆ. ಗೋಲ್‌ಕೀಪರ್‌ನ ಬೆರಳಿನ ಊತ ಇಳಿದಿಲ್ಲ. ಜಪ್ಪಯ್ಯ ಅಂದರೂ ಮಾತು ಕೇಳುವ ಆಸಾಮಿಯಲ್ಲ ಅವನು.

ಎಡಚ ಎಲ್ಲರಿಗಿಂತ ಕೊನೆಗೆ ಬಂದ. ಎಡತೊಡೆ ಹಿಡಿದುಕೊಂಡಿದೆಯಂತೆ. ಒತ್ತಿ ನೋಡಿದೆ. ಏನೂ ಇಲ್ಲ. ನಾನು ಕೈ ತೆಗೆದ ಮೇಲೆ ಮುಖ ಹಿಂಡಿದ. ಫಿಸಿಯೋ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ, ತಡವಾಗಿ ಬರುವ ನೋವನ್ನು ಇವತ್ತೇ ನೋಡಿದ್ದು. ಇರಲಿ ಅಂತ ಮೂರು ದಿನ ವಿಶ್ರಾಂತಿ ಬರೆದೆ.

ಕಾರಣ ಗೇಟಿನ ವಾಚ್‌ಮನ್‌ಗೂ ಗೊತ್ತು. ದೊಡ್ಡ ಕ್ಲಬ್ಬೊಂದು ಇವನ ಮೇಲೆ ಕಣ್ಣು ಹಾಕಿದೆ. ತಿಂಗಳ ಕೊನೆಗೆ ಆಟಗಾರರನ್ನು ಕೊಳ್ಳುವ, ಮಾರುವ ಗಡುವು. ಇವನಿಗೆ ಹೋಗುವ ಆತುರ, ಅಲ್ಲಿಯವರೆಗೆ ಆಡಿ ಕಾಲು ಕೆಡಿಸಿಕೊಳ್ಳುವ ಮನಸ್ಸಿಲ್ಲ. ಒಂದು ತಿಂಗಳಿಂದ ಡ್ರೆಸ್ಸಿಂಗ್ ರೂಮಿನಲ್ಲಿ ಯಾರ ಜೊತೆಗೂ ಮಾತಿಲ್ಲ. ತಟ್ಟೆ ಹಿಡಿದು ಕಿಟಕಿ ಪಕ್ಕ ಒಬ್ಬನೇ ಕೂರುತ್ತಾನೆ. ನಮ್ಮ ಇಪ್ಪತ್ತಮೂರು ಗೋಲಿನಲ್ಲಿ ಹದಿನಾಲ್ಕು ಅವನ ಎಡಗಾಲಿನವು. ಆದರೂ ಪಟ್ಟಿಯಲ್ಲಿ ಕೆಳಗಿನಿಂದ ನಾಲ್ಕನೆಯವರು ನಾವು.

ಜನವರಿ 5

ಮನೆಯಲ್ಲೂ ಇದೇ ಪುರಾಣ. ಇವರು, ನನ್ನ ಗಂಡ, ಮಾರಿಬಿಡಿ ಅನ್ನುತ್ತಾರೆ. ಮನಸ್ಸಿಲ್ಲದವನನ್ನು ಕಟ್ಟಿಹಾಕಿಕೊಂಡು ಮೈದಾನದಲ್ಲಿ ಮೆರವಣಿಗೆ ಮಾಡುತ್ತೀರಾ ಅಂತ. ದಿನವಿಡೀ ಅಂಚೆ ಕಚೇರಿ ಕೌಂಟರಿನಲ್ಲಿ ಕೂರುವ ಮನುಷ್ಯನಿಗೆ ಸಂಜೆ ಆದರೆ ಇಡೀ ಲೀಗಿನ ಆಡಳಿತ ಬೇಕು. ಅತ್ತೆ ಬಿಡಲಿಲ್ಲ. ಅವನು ಹೋದರೆ ರೇಡಿಯೋ ಕಾಮೆಂಟರಿ ಕೇಳುವುದೇ ಬಿಡುತ್ತೇನೆ ಅಂದರು. ಬಿಡುವವರಲ್ಲ. ತಾಯಿ-ಮಗ ಮುಖ ಗಂಟು ಹಾಕಿಕೊಂಡು ಪಾತ್ರೆ ತೊಳೆದರು. ನನಗೆ ಒಂದು ದಿನ ಬಿಡುವು ಸಿಕ್ಕಿತು.

ಜನವರಿ 8, ಶುಕ್ರವಾರ

ಒಂದೇ ದಿನ ಮೂರು ಜನ. ಮೂವರಿಗೂ ನನ್ನ ಸಹಿ ಬೇಕು.

ಮೊದಲು ಅಧ್ಯಕ್ಷರು. ತಮ್ಮ ಟೈಲ್ಸ್ ಷೋರೂಂ ಬಿಟ್ಟು ನನ್ನ ರೂಮಿಗೆ ಬಂದದ್ದು ಇದೇ ಮೊದಲು. ಕುರ್ಚಿ ಇಲ್ಲ, ಮಸಾಜ್ ಟೇಬಲ್ ಮೇಲೆ ಕೂತರು. ಇಪ್ಪತ್ತನೇ ತಾರೀಕು ಆ ಕ್ಲಬ್ಬಿನ ಡಾಕ್ಟರು ಬರುತ್ತಾರೆ, ಫೈಲಿನಲ್ಲಿ ಫಿಟ್ ಅಂತ ಇರಲಿ ಅಂದರು. ಮಾರಿದರೆ ಗ್ಯಾಲರಿಗೆ ಮೇಲ್ಛಾವಣಿ ಬರುತ್ತದಂತೆ.

ಆಮೇಲೆ ಕೋಚ್. ಬಾಗಿಲು ಹಾಕಿ ಪಿಸುಗುಟ್ಟಿದರು — ಆರು ವಾರ ಗಾಯ ಅಂತ ಬರೆದುಬಿಡಿ, ಕೊಳ್ಳುವವರು ತಾವೇ ಕಾಲು ಕೀಳುತ್ತಾರೆ. ಅವನಿಲ್ಲದೆ ತಂಡ ಕೆಳಗಿನ ಡಿವಿಷನ್‌ಗೆ ಹೋಗುತ್ತದೆ, ಇಳಿಸಿದ ಕೋಚ್ ಅಂತ ನನ್ನ ಹೆಸರು ಉಳಿಯುತ್ತದೆ ಅಂದರು. ಕೆಟ್ಟ ಮನುಷ್ಯ ಅಲ್ಲ. ಹೆದರಿದ್ದಾರೆ.

ಕೊನೆಗೆ ಎಡಚ. ಇನ್ನೊಂದು ವಾರ ಗಾಯ ಅನ್ನಿ ಅಕ್ಕ, ಆಮೇಲೆ ಫಿಟ್ ಅನ್ನಿ. ಹೊಲಿಗೆ ಅಂಗಡಿಯಲ್ಲಿ ಅಳತೆ ಕೊಟ್ಟ ಹಾಗೆ ಹೇಳಿದ.

ಮೂವರಿಗೂ ಒಂದೇ ಉತ್ತರ ಕೊಟ್ಟೆ. ಕೈಗೆ ಸಿಕ್ಕಿದ್ದನ್ನು ಬರೆಯುತ್ತೇನೆ. ಬೇರೆಯವರ ಕೈಗೆ ಬೇಕಾದ್ದನ್ನಲ್ಲ.

ಜನವರಿ 9

0–2. ವಿಶ್ರಾಂತಿ ಮುಗಿದರೂ ತೊಡೆ ಹಿಡಿದಿದೆ ಅಂತ ಎಡಚ ಸ್ಟ್ಯಾಂಡಿನಲ್ಲಿ ಕೋಟು ಹಾಕಿಕೊಂಡು ಕೂತಿದ್ದ. ಹಿಂದಿನ ಸಾಲಿನಿಂದ ನೀರಿನ ಬಾಟಲಿ ಎಸೆದರು. ಭುಜಕ್ಕೆ ತಾಗಿತು. ಒರೆಸಿಕೊಳ್ಳಲೂ ಇಲ್ಲ.

ಸುರಂಗದಲ್ಲಿ ಜರ್ಸಿಯಣ್ಣ ಸಿಕ್ಕ. ಬಟ್ಟೆ, ಬೂಟು ಎಲ್ಲ ಅವನ ಉಸ್ತುವಾರಿ. ಸುದ್ದಿಯೂ. ಹುಡುಗನ ತೊಡೆ ಹೇಗಿದೆ ಅಂದ. ಸಿಟ್ಟಿನಲ್ಲಿದ್ದೆ. “ತೊಡೆಗೆ ಏನೂ ಆಗಿಲ್ಲ. ಬರೀ ನಾಟಕ,” ಅಂದುಬಿಟ್ಟೆ. ಸಂಜೆಯೊಳಗೆ ಇಡೀ ತಂಡಕ್ಕೆ ಗೊತ್ತಾಗಿತ್ತು. ನಾಲಿಗೆಗೆ ಟೇಪ್ ಸುತ್ತಬೇಕಿತ್ತು ನಾನು. ಆದರೆ ಹೇಳಿದ್ದು ನಿಜವೇ ತಾನೆ.

ಜನವರಿ 14, ಗುರುವಾರ

ನಿಜವಲ್ಲ.

ಅರ್ಧ ಸೀಸನ್‌ನ ಅಳತೆ ಇವತ್ತು. ಎಲ್ಲರದೂ, ಎರಡೂ ಕಾಲು, ಮಂಡಿಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಮೇಲೆ. ಎಡಚನ ಎಡತೊಡೆ ಕಳೆದ ಜುಲೈನಷ್ಟೇ ಇದೆ. ಬಲತೊಡೆ ಎರಡೂವರೆ ಸೆಂಟಿಮೀಟರ್ ಕಮ್ಮಿ. ಅಳತೆ ಟೇಪ್ ಹಿಗ್ಗಿದೆಯೇನೋ ಅಂತ ನನ್ನ ಕಾಲಿಗೇ ಸುತ್ತಿ ನೋಡಿದೆ. ಮತ್ತೆ ಅವನದು. ಮೂರು ಸಲ. ಎರಡೂವರೆಯೇ.

ತೊಡೆ ಸುಮ್ಮಸುಮ್ಮನೆ ಬಡಕಲಾಗುವುದಿಲ್ಲ. ಕೆಳಗಿನ ಮಂಡಿ ನೋಯುತ್ತಿದ್ದರೆ ಆ ಕಾಲಿನ ಮೇಲೆ ಭಾರ ಹಾಕುವುದು ಬಿಡುತ್ತಾರೆ, ಸ್ನಾಯು ಕರಗುತ್ತದೆ. ಎಡಗಾಲಿನಲ್ಲಿ ಒದೆಯುವವನು ನಿಲ್ಲುವುದು ಬಲಗಾಲಿನ ಮೇಲೆ. ಇಷ್ಟು ನನಗೆ ಹೊಳೆಯಬಾರದಿತ್ತೇ? ಮಂಡಿಯ ಪಕ್ಕ ಬೆರಳಿಟ್ಟೆ. ಒಳಗೆ ನೀರು ತುಂಬಿದೆ. ನನ್ನ ಮಣಿಕಟ್ಟು ಹಿಡಿದುಕೊಂಡ. ಈ ಸಲ ನೋವು ತಡವಾಗಿ ಬರಲಿಲ್ಲ.

“ಅಲ್ಲಿ ಬೇಡ ಅಕ್ಕ.”

ಬಾಗಿಲು ಹಾಕಿದೆ. ಒಂದೊಂದೇ ಹೊರಗೆ ಬಂತು. ಆಗಸ್ಟಿನಿಂದ ಇದೆ. ಯಾರಿಗೂ ಹೇಳದೆ ಬೇರೆ ಊರಿಗೆ ಹೋಗಿ ಸ್ಕ್ಯಾನ್ ಮಾಡಿಸಿದ್ದಾನೆ. ಮಂಡಿಯೊಳಗಿನ ಮೆತ್ತೆ ಹರಿದಿದೆ. ಆಪರೇಷನ್ ಮಾಡಿಸಿದರೆ ಒಂಬತ್ತು ತಿಂಗಳು ಆಟ ಇಲ್ಲ. ಹೀಗೇ ಆಡಿದರೆ ಇನ್ನೆರಡು ಸೀಸನ್, ಆಮೇಲೆ ಮೆಟ್ಟಿಲು ಹತ್ತುವುದೂ ಕಷ್ಟ. ಅವನಿಗೆ ಇಪ್ಪತ್ತಮೂರು. ಊರಲ್ಲಿ ಅಣ್ಣನ ಸಂಸಾರವೂ ಇವನ ಮೇಲೆಯೇ. ಕಾಲು ಹೋಗುವ ಮೊದಲು ಒಂದು ದೊಡ್ಡ ಕಾಂಟ್ರ್ಯಾಕ್ಟ್ ಆಗಿಬಿಡಲಿ ಅಂತ ಲೆಕ್ಕ. ನಾವೆಲ್ಲ ಕೊಬ್ಬು ಅಂದುಕೊಂಡದ್ದು ಹೆದರಿಕೆ.

ಎಡತೊಡೆ ಯಾಕೆ ಹೇಳಿದೆ ಅಂತ ಕೇಳಿದೆ.

“ಒಂದು ಕಾಲು ತೋರಿಸಿದ್ರೆ ಇನ್ನೊಂದು ನೋಡಲ್ಲ ಅಂದ್ಕೊಂಡೆ. ನೀವೂ ನೋಡ್ಲಿಲ್ಲ.”

ಹತ್ತು ದಿನ. ತೋರಿಸಿದ ಕಾಲನ್ನೇ ಒತ್ತುತ್ತಾ, ತಿಳಿದವಳ ಹಾಗೆ ನಗುತ್ತಾ ಇದ್ದೆ. ನಾಚಿಕೆಯಾಯಿತು.

ಆ ಕ್ಲಬ್ಬಿನ ಡಾಕ್ಟರಿಗೆ ಸಿಕ್ಕಿಬೀಳಲ್ವಾ ಅಂದೆ. ಅವರಿಗೆ ಇರುವುದು ಒಂದು ಗಂಟೆ. ಗಾಯದ ಚರಿತ್ರೆಗೆಲ್ಲ ಫೈಲನ್ನೇ ನಂಬುತ್ತಾರಂತೆ. “ನಿಮ್ಮ ಸಹಿ ಇದ್ರೆ ಸಾಕು ಅಂದ್ರಂತೆ ಅಕ್ಕ. ನಿಮಗೆ ಅಂಥ ಹೆಸರಿದೆ.”

ಜನವರಿ 15

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ.

ಅವನ ಒಪ್ಪಿಗೆ ಇಲ್ಲದೆ ಅವನ ಮಂಡಿಯ ವಿಷಯ ನಾನು ಯಾರಿಗೂ ಹೇಳುವಂತಿಲ್ಲ. ಅದು ನನ್ನ ಕೆಲಸದ ನಿಯಮ. ಸರಿ. ಸುಳ್ಳಿಗೆ ಸಹಿ ಹಾಕುವಂತೆಯೂ ಇಲ್ಲ. ನನ್ನ ಸಹಿ ಇಲ್ಲದೆ ಫೈಲ್ ಹೋಗುವುದಿಲ್ಲ, ಫೈಲ್ ಹೋಗದೆ ಅವನೂ ಹೋಗುವುದಿಲ್ಲ.

ಬೆಳಿಗ್ಗೆ ಅವನಿಗೆ ಇದನ್ನೇ ಹೇಳಿದೆ. ಇಪ್ಪತ್ತರ ತನಕ ಸಮಯ ಕೊಟ್ಟಿದ್ದೇನೆ. ನೀನಾಗಿ ಹೇಳಿದರೆ ಪಕ್ಕದಲ್ಲಿ ನಿಲ್ಲುತ್ತೇನೆ. ಹೇಳದಿದ್ದರೆ ಬಾಯಿ ಬಿಡುವುದಿಲ್ಲ, ಪೆನ್ನೂ ಮುಟ್ಟುವುದಿಲ್ಲ. ನನ್ನ ಹೊಟ್ಟೆ ಮೇಲೆ ಹೊಡೀತೀರಾ ಅಂದ. ಬಾಗಿಲು ಎಳೆದುಕೊಂಡು ಹೋದ ರಭಸಕ್ಕೆ ಗೋಡೆಯ ಚಾರ್ಟ್ ಬಿತ್ತು.

ಪಾಪ ಅನಿಸುತ್ತಿದೆ. ಆದರೂ ಸಹಿ ಇಲ್ಲ.

ಜನವರಿ 17, ಭಾನುವಾರ

ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿದೆ. ಪರರ ಕಾಲಿಗೆಲ್ಲ ಸೇವೆ, ಮನೆಯವರ ಕಾಲಿಗೆ ಭಾನುವಾರ ಮಾತ್ರ ಅಂತ ಚುಚ್ಚಿದರು. ನೋವು ಶುರುವಾದಾಗ, ಆರು ವರ್ಷದ ಹಿಂದೆಯೇ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ ಅಂದೆ. ಹೇಳಿದರೆ ಮಾರ್ಕೆಟ್ಟಿಗೆ ಕಳಿಸುವುದು ನಿಲ್ಲಿಸುತ್ತಿದ್ದಿರಿ ಅಂದರು. ಅಲ್ಲಿ ನಾಲ್ಕು ಜನ ಸಿಗುತ್ತಿದ್ದರು, ಮನೆಯಲ್ಲಿ ಕೂತರೆ ಯಾರು ಮಾತಾಡಿಸುತ್ತಾರೆ ಅಂತ. ನನಗೆ ಇದು ಗೊತ್ತೇ ಇರಲಿಲ್ಲ.

ಎಡಚ ಫೋನ್ ಎತ್ತುತ್ತಿಲ್ಲ.

ಜನವರಿ 18

ಪ್ರಾಕ್ಟೀಸಿಗೆ ಮೊದಲು ಡ್ರೆಸ್ಸಿಂಗ್ ರೂಮಿಗೆ ಹೋದೆ. ಎಲ್ಲರೂ ಇದ್ದರು, ಅವನೂ. ನಿಂತೇ ಹೇಳಿದೆ. “ನಾಟಕ ಅಂತ ಹೇಳಿದವಳು ನಾನು. ತಪ್ಪು ಹೇಳಿದೆ. ಇವನಿಗೆ ನೋವಿರೋದು ನಿಜ. ಹೆಚ್ಚು ಕೇಳಬೇಡಿ.”

ಜರ್ಸಿಯಣ್ಣ ನೆಲ ನೋಡುತ್ತಿದ್ದ. ಎಡಚ ಬೂಟಿನ ಲೇಸು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ… ಊಟಕ್ಕೆ ಗೋಲ್‌ಕೀಪರ್ ತನ್ನ ತಟ್ಟೆ ತೆಗೆದುಕೊಂಡು ಕಿಟಕಿ ಪಕ್ಕ ಹೋಗಿ ಕೂತ. ಇಬ್ಬರೂ ಊಟ ಮಾಡಿದರು.

ಜನವರಿ 19

ಅಧ್ಯಕ್ಷರು ಆಫೀಸಿಗೆ ಕರೆಸಿದರು. ಫೈಲ್ ಎಲ್ಲಿ? ಸಹಿ ಮಾಡಿಲ್ಲ ಅಂದೆ. ಕಾರಣ? ಹೇಳುವಂತಿಲ್ಲ ಅಂದೆ. ಜೂನಿನಲ್ಲಿ ನನ್ನ ಕೆಲಸದ ಕರಾರು ಮುಗಿಯುತ್ತದೆ ಅನ್ನುವುದನ್ನು ನೆನಪಿಸಿದರು, ಬಹಳ ನಯವಾಗಿ, ಟೇಬಲ್ ಮೇಲಿನ ಟೈಲ್ಸ್ ಸ್ಯಾಂಪಲ್ ಸವರುತ್ತಾ.

“ಆಟಗಾರನನ್ನ ಮಾರೋದಾ ಇಟ್ಟುಕೊಳ್ಳೋದಾ ಅಂತ ತೀರ್ಮಾನ ಮಾಡೋಕೆ ನೀವ್ಯಾರು?”

“ಯಾರೂ ಅಲ್ಲ ಸಾರ್. ಅದು ನಿಮಗೆ ಬಿಟ್ಟದ್ದು. ಸಹಿ ಮಾತ್ರ ನಂದು.”

ಹೊರಗೆ ಬಂದೆ. ಮೆಟ್ಟಿಲ ಮೇಲೆ ಎರಡು ನಿಮಿಷ ಕೂತೆ. ಇವರಿಗೆ ಫೋನ್ ಮಾಡಿ, ಜೂನಿನಿಂದ ಕೆಲಸ ಇರದೇ ಇರಬಹುದು ಅಂದೆ. ಕೌಂಟರಿನಲ್ಲಿ ಗಲಾಟೆ ಕೇಳುತ್ತಿತ್ತು. ಸರಿ ಬಿಡು, ಬರುವಾಗ ಹಾಲು ತಾ ಅಂದರು. ಈ ಮನುಷ್ಯನನ್ನು ಕಟ್ಟಿಕೊಂಡದ್ದಕ್ಕೆ ಮೊದಲ ಸಲ ಅಲ್ಲ, ಆದರೆ ಇವತ್ತು ಬಹಳ ಸಂತೋಷವಾಯಿತು.

ಜನವರಿ 20, ಬೆಳಿಗ್ಗೆ 10

ಡಾಕ್ಟರು ಹನ್ನೊಂದಕ್ಕೆ. ಅವನು ಬಂದಿಲ್ಲ.

10.35 — ಬಂದ. ಕಣ್ಣು ಕೆಂಪಗಿದೆ. ಅಣ್ಣನಿಗೆ ಎಲ್ಲ ಹೇಳಿದನಂತೆ. ಅಣ್ಣ ಬೈದನಂತೆ — ಮಂಡಿಗಲ್ಲ, ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ. ಕ್ಲಬ್ ನನ್ನನ್ನು ಆಚೆ ಹಾಕುತ್ತದಾ ಅಂತ ಕೇಳಿದ. ಗೊತ್ತಿಲ್ಲ ಅಂದೆ. ಜೊತೆಗೆ ಬರ್ತೀರಾ ಅಂದ. ಆಗಲೇ ಎದ್ದು ನಿಂತಿದ್ದೆ.

ಅದೇ ದಿನ, ಮಧ್ಯಾಹ್ನ 3

ಅವನೇ ಹೇಳಿದ. ಅಧ್ಯಕ್ಷರು, ಕೋಚ್, ಆ ಡಾಕ್ಟರು, ಮೂವರ ಎದುರಿಗೆ. ಸ್ಕ್ಯಾನ್ ಕವರ್ ಟೇಬಲ್ ಮೇಲಿಟ್ಟ. ಒಂದು ಕಡೆ ದನಿ ಒಡೆಯಿತು, ನಿಲ್ಲಿಸಲಿಲ್ಲ. ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದರು, ಅವನ ಕೈ ಕುಲುಕಿದರು, ಹೋದರು. ಅಲ್ಲಿಗೆ ಮಾರಾಟ ಮುಗಿಯಿತು.

ಅಧ್ಯಕ್ಷರು ಕಿಟಕಿಯ ಕಡೆ ತಿರುಗಿ ನಿಂತರು. ಮೇಲ್ಛಾವಣಿ ಇಲ್ಲದ ಗ್ಯಾಲರಿ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ನನಗೆ ಭಯ ಇದ್ದದ್ದು ಕೋಚ್ ಬಗ್ಗೆ. ಈ ಸೀಸನ್ ಅವರ ಕೈಯಲ್ಲಿ ಅವನಿಲ್ಲ. ತಂಡ ಕೆಳಗಿಳಿಯುವುದು ಹೆಚ್ಚುಕಮ್ಮಿ ಗ್ಯಾರಂಟಿ. ಸ್ಕ್ಯಾನ್ ಕವರ್ ಕೈಗೆತ್ತಿಕೊಂಡರು. ಆಮೇಲೆ ಕೇಳಿದ್ದು ಒಂದೇ ಮಾತು.

“ಆಪರೇಷನ್ ಯಾವಾಗ?”

ಎಡಚ ಆಗ ಅತ್ತ. ನಾನೂ.

ಜನವರಿ 25

ಸಮಿತಿ ಸಭೆ ಮೂರು ಗಂಟೆ ನಡೆಯಿತು. ಎಡಚನನ್ನು ಇಟ್ಟುಕೊಳ್ಳುವುದು, ಆಪರೇಷನ್ ಕ್ಲಬ್ಬಿನದೇ ಜವಾಬ್ದಾರಿ ಅಂತ ತೀರ್ಮಾನ. ಕೋಚ್ ಪಟ್ಟು ಹಿಡಿದರಂತೆ. ನನ್ನ ಜೂನ್ ಬಗ್ಗೆ ಯಾರೂ ಏನೂ ಹೇಳಿಲ್ಲ. ಕೇಳಲೂ ಇಲ್ಲ ನಾನು.

ಜನವರಿ 26

ಇನ್ನೊಂದು ಕ್ಲಬ್ಬಿನಿಂದ ಫೋನ್. ಮಂಡಿ ಹೀಗೇ ಇರಲಿ, ಇಂಜೆಕ್ಷನ್ ಕೊಟ್ಟು ಆಡಿಸುತ್ತೇವೆ, ಅರ್ಧ ಬೆಲೆಗೆ ಕೊಡಿ ಅಂತ. ಅಧ್ಯಕ್ಷರಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಫೋನ್ ಹಿಡಿದುಕೊಂಡೇ ಮೈದಾನದವರೆಗೂ ನಡೆದು ಬಂದರು. ಏನನ್ನಿಸಿತೋ, ಅದನ್ನು ಎಡಚನ ಕೈಗೇ ಕೊಟ್ಟರು.

“ನಾನು ಮಾರಾಟಕ್ಕಿಲ್ಲ,” ಅಂದ ಎಡಚ. “ನವೆಂಬರಲ್ಲಿ ಫೋನ್ ಮಾಡಿ, ಆಗ ನೋಡೋಣ.”

ಅಧ್ಯಕ್ಷರು ಫೋನ್ ವಾಪಸ್ ತೆಗೆದುಕೊಂಡು, ನವೆಂಬರಲ್ಲಿ ಬೆಲೆ ನಾನು ಹೇಳ್ತೀನಿ ಅಂತ ಗೊಣಗುತ್ತಾ ಹೋದರು.

ಜನವರಿ 28, ಬೆಳಿಗ್ಗೆ 7.40, ಆಸ್ಪತ್ರೆ

ಕಾರಿಡಾರಿನ ಬೆಂಚು. ಅಣ್ಣ, ಕೋಚ್, ನಾನು. ಬಾಗಿಲಾಚೆ ಸ್ಟ್ರೆಚರ್ ಮೇಲೆ ಅವನು, ಹಸಿರು ಗೌನ್ ಹಾಕಿಕೊಂಡು. ಬಡಕಲು ತೊಡೆ ಎಲ್ಲರಿಗೂ ಕಾಣುತ್ತಿದೆ. ಮುಚ್ಚಿಕೊಂಡಿಲ್ಲ.

ಆಪರೇಷನ್ ಮಾಡುವ ಕಾಲಿಗೆ ಮೊದಲೇ ಪೆನ್ನಿನಿಂದ ಗುರುತು ಹಾಕುತ್ತಾರೆ. ರೋಗಿಯ ಬಾಯಿಂದಲೇ ಕೇಳಬೇಕು, ಹಾಗೆ ನಿಯಮ. ನರ್ಸ್ ಪೆನ್ನಿನ ಮುಚ್ಚಳ ತೆಗೆದು, ಯಾವ ಕಾಲು ಅಂತ ಕೇಳಿದಳು.

“ಬಲಗಾಲು,” ಅಂದ. ಬೆಂಚಿನವರೆಗೂ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ಕತ್ತೆತ್ತಿ ನನ್ನ ಕಡೆ ನೋಡಿ, “ಈ ಸಲ ನೋಯೋ ಕಾಲೇ ತೋರಿಸಿದೀನಿ ಅಕ್ಕ,” ಅಂದ.